ಹೊರಾಂಗಣದ ಮುದ್ರಿತ ಫಲಕಗಳಿಗೆ ರಕ್ಷಕ ಲೇಪನ

ವಸತಿ ಸಮುಚ್ಚಯವೊಂದರ ತೋಟದಲ್ಲಿ ಒಂದು ನಲ್ಲಿ ಇದೆ ಎಂದು ಭಾವಿಸೋಣ. ಗಿಡಗಳಿಗೆ ಬಿಡಲೆಂದು ಸಂಸ್ಕರಿಸಿದ ಕೊಳಚೆ ನೀರು ಅದರಲ್ಲಿ ಬರುತ್ತದೆ. ನಲ್ಲಿಯ ಬಳಿ ಒಂದು ಫಲಕವನ್ನು ನಿಲ್ಲಿಸಲಾಗಿದೆ. ಅದರಲ್ಲಿ ‘ಇದು ಕುಡಿಯುವ ನೀರು’ ಎಂಬ ಮೂರು ಪದಗಳು ಕಪ್ಪು ಬಣ್ಣದಲ್ಲಿಯೂ, ‘ಅಲ್ಲ’ ಎಂಬ ಕೊನೆಯ ಪದವು ಎಲ್ಲರ ಕಣ್ಣಿಗೂ ಬೀಳಲೆಂದು ಕೆಂಪು ಬಣ್ಣದಲ್ಲಿಯೂ ಮುದ್ರಿತವಾಗಿವೆ. ಕೆಲವು ಬೇಸಿಗೆಗಳು ಕಳೆಯುತ್ತವೆ. ಕಪ್ಪು ಅಕ್ಷರಗಳು ಇದ್ದಂತೆಯೇ ಇವೆ. ಕೆಂಪು ಅಕ್ಷರಗಳು ಮಾಸಿ ಹಿನ್ನೆಲೆಯ ಬಿಳುಪಿನಲ್ಲಿ ಲೀನವಾಗಿವೆ. ಈಗ ಆ ಫಲಕವು ದಾರಿಹೋಕರಿಗೆ ಹೇಳುತ್ತಿರುವುದು ‘ಇದು ಕುಡಿಯುವ ನೀರು’ ಎಂದು.

ಕನ್ನಡ ವಾಕ್ಯದಲ್ಲಿ ಇಲ್ಲ, ಅಲ್ಲ, ಕೂಡದು, ಬಾರದು ಮುಂತಾದ ನಿಷೇಧದ ಮಾತುಗಳು ಸಾಮಾನ್ಯವಾಗಿ ಕೊನೆಗೆ ಬರುತ್ತವೆ. ಎಚ್ಚರಿಕೆಯ ಮಾತನ್ನು ಕೆಂಪಿನಲ್ಲಿ ಮುದ್ರಿಸುವುದು ಎಲ್ಲೆಡೆ ಇರುವ ರೂಢಿ. ಆದರೆ ಬಿಸಿಲಿಗೆ ಮೊದಲು ಸೋಲುವ ಬಣ್ಣಗಳಲ್ಲಿ ಸಾಮಾನ್ಯ ಮುದ್ರಣದ ಕೆಂಪೂ ಒಂದು. ಆದುದರಿಂದ ಹೊರಾಂಗಣದ ಫಲಕಕ್ಕೆ ರಕ್ಷಕ ಲೇಪನವನ್ನು ಆರಿಸುವುದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಸಂಘಸಂಸ್ಥೆಗಳು, ಶಾಲೆಗಳು, ಗೃಹನಿರ್ಮಾಣ ಸಹಕಾರ ಸಂಘಗಳು ಹಾಗೂ ಅಂಗಡಿಯವರು ಫಲಕಗಳನ್ನು ಮಾಡಿಸುವಾಗ ಗಮನಿಸಬೇಕಾದ ಸಂಗತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಣ್ಣ ಮಾಸುವುದೇಕೆ?

ಭೂಮಿಯನ್ನು ತಲುಪುವ ಸೌರಶಕ್ತಿಯಲ್ಲಿ ನೇರಳಾತೀತ ಕಿರಣಗಳ ಪಾಲು ಸುಮಾರು ಶೇಕಡಾ 5 ಮಾತ್ರ. ಆದರೆ ಬಣ್ಣದ ಅಣುಗಳನ್ನು ಒಡೆಯಬಲ್ಲ ಶಕ್ತಿ ಈ ಅಲ್ಪಭಾಗದಲ್ಲಿಯೇ ಹೆಚ್ಚಾಗಿ ಅಡಗಿದೆ. ಕಿರಣಗಳು ಒಡೆದ ಅಣುಗಳೊಡನೆ ಗಾಳಿಯ ಆಮ್ಲಜನಕವೂ ತೇವವೂ ಸೇರಿ ಹಾನಿಯನ್ನು ಮುಂದುವರಿಸುತ್ತವೆ. ಶಾಯಿ ಬಣ್ಣಗೆಡುವುದು, ಪ್ಲಾಸ್ಟಿಕ್ ಹಾಳೆ ಹಳದಿಯಾಗಿ ಪೆಡಸಾಗುವುದು, ಮೇಲ್ಮೈಯಿಂದ ಸುಣ್ಣದಂಥ ಪುಡಿ ಉದುರುವುದು ಇವೆಲ್ಲವೂ ಇದೇ ಕ್ರಿಯೆಯ ಫಲಗಳು.

ಬಣ್ಣದ ಮುದ್ರಣದಲ್ಲಿ ಸಾಮಾನ್ಯವಾಗಿ ನಾಲ್ಕು ಶಾಯಿಗಳು ಬಳಕೆಯಾಗುತ್ತವೆ: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗಾಢ ಗುಲಾಬಿ, ಹಳದಿ ಮತ್ತು ಕಪ್ಪು. ಕಪ್ಪು ಶಾಯಿಯ ಮೂಲದ್ರವ್ಯ ಇಂಗಾಲ, ಅಂದರೆ ಒಂದು ಬಗೆಯ ಕಾಡಿಗೆ; ಬಿಸಿಲು ಅದನ್ನು ಏನೂ ಮಾಡಲಾರದು. ತಿಳಿನೀಲಿಯ ಮೂಲವಾದ ತಾಮ್ರದ ಥಾಲೋಸಯನೀನ್ ಕೂಡ ಬಹಳ ಗಟ್ಟಿಯಾದ ವರ್ಣದ್ರವ್ಯ. ಹಳದಿ ಮತ್ತು ಮೆಜೆಂಟಾಗಳು ಮೊದಲು ಸೋಲುತ್ತವೆ. ಕೆಂಪು ಮೂಡುವುದು ಈ ಎರಡರ ಕೂಡಿಕೆಯಿಂದಲೇ. ಗೋಡೆಯ ಮೇಲಿನ ಹಳೆಯ ಚಲನಚಿತ್ರ ಭಿತ್ತಿಪತ್ರದಲ್ಲಿ ನಾಯಕ ನಾಯಿಕೆಯರ ಮುಖಗಳು ನೀಲಿಗಟ್ಟಿರುವುದನ್ನು ಕಂಡವರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುತ್ತದೆ.

ಬಣ್ಣವು ಬೆಳಕನ್ನು ತಾಳಿಕೊಳ್ಳುವ ಶಕ್ತಿಯನ್ನು ಅಳೆಯಲು ನೀಲಿ ಉಣ್ಣೆಯ ಮಾಪಕ ಎಂಬ ಅಂತರರಾಷ್ಟ್ರೀಯ ಅಳತೆಗೋಲು ಇದೆ. ಇದರಲ್ಲಿ 1ರಿಂದ 8ರವರೆಗೆ ಮೆಟ್ಟಿಲುಗಳಿವೆ. ಪ್ರತಿಯೊಂದು ಮೆಟ್ಟಿಲಿನ ಬಣ್ಣವು ಅದರ ಕೆಳಗಿನದಕ್ಕಿಂತ ಸುಮಾರು ಎರಡು ಪಟ್ಟು ಕಾಲ ಬಾಳುತ್ತದೆ. ಹೊರಾಂಗಣದಲ್ಲಿ ವರ್ಷಗಟ್ಟಲೆ ಉಳಿಯಬೇಕಾದ ಫಲಕಕ್ಕೆ 7 ಅಥವಾ 8ನೆಯ ಮೆಟ್ಟಿಲಿನ ಶಾಯಿ ಉಚಿತ. ಬಿಸಿಲಿಗೆ ಬಹುಕಾಲ ನಿಲ್ಲುವ ಕೆಂಪು ವರ್ಣದ್ರವ್ಯಗಳೂ ಇವೆ. ಕ್ವಿನಾಕ್ರಿಡೋನ್, ಪೆರಿಲೀನ್ ವರ್ಗದವು ಅಂಥವು. ಆದರೆ ಅವು ದುಬಾರಿಯಾದುದರಿಂದ ಕೇಳಿ ಹಾಕಿಸಿಕೊಳ್ಳಬೇಕು.

ಲೇಪನ ಮಾಡುವುದೇನು, ಮಾಡಲಾಗದ್ದೇನು?

ಒಳ್ಳೆಯ ಹೊರಾಂಗಣ ಲೇಪನದಲ್ಲಿ ನೇರಳಾತೀತ ಕಿರಣಗಳನ್ನು ಹೀರಿ, ಅವನ್ನು ಹಾನಿಯಿಲ್ಲದ ಶಾಖವಾಗಿ ಬಿಟ್ಟುಕೊಡುವ ದ್ರವ್ಯಗಳು ಸೇರಿರುತ್ತವೆ. ಈ ಗುಣವು ಲೇಪನದ ದಪ್ಪವನ್ನು ಬಹಳವಾಗಿ ಅವಲಂಬಿಸಿದೆ. ಒಂದು ಪದರವು ನೂರು ಪಾಲು ಕಿರಣಗಳಲ್ಲಿ 10 ಪಾಲನ್ನು ಒಳಗೆ ಬಿಡುತ್ತದೆ ಎಂದುಕೊಂಡರೆ, ಅಷ್ಟೇ ದಪ್ಪದ ಎರಡನೆಯ ಪದರವು ಆ 10ರಲ್ಲಿ 1 ಪಾಲನ್ನು ಮಾತ್ರ ಬಿಡುತ್ತದೆ. ಅಂದರೆ ದಪ್ಪವನ್ನು ಇಮ್ಮಡಿಸಿದಾಗ ಒಳನುಗ್ಗುವ ಕಿರಣಗಳು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತವೆ. ವಾರ್ನಿಷನ್ನು ತೆಳುವಾಗಿ ಎಳೆದು ಉಳಿತಾಯ ಮಾಡುವುದು ಎಷ್ಟು ನಷ್ಟದ ಮಾತೆಂಬುದು ಇದರಿಂದ ತಿಳಿಯುತ್ತದೆ. ಹಸಿ ಪದರದ ದಪ್ಪವೂ ಒಣಗಿದ ಪದರದ ದಪ್ಪವೂ ಒಂದೇ ಅಲ್ಲ. ಲೇಪನದ ಗಾತ್ರದಲ್ಲಿ ಶೇಕಡಾ 40ರಷ್ಟು ಘನದ್ರವ್ಯವಿದ್ದರೆ, 50 ಮೈಕ್ರಾನ್ ಹಸಿ ಪದರವು ಒಣಗಿದ ಮೇಲೆ 20 ಮೈಕ್ರಾನ್ ಉಳಿಯುತ್ತದೆ.

ಲೇಪನದ ಮಿತಿಗಳನ್ನೂ ಅರಿತಿರಬೇಕು. ನಾಜೂಕಾದ ಬಣ್ಣಗಳು ಕಣ್ಣಿಗೆ ಕಾಣುವ ಬೆಳಕಿನಿಂದಲೂ ಮಾಸುತ್ತವೆ. ಪಾರದರ್ಶಕ ಲೇಪನವು ಆ ಬೆಳಕನ್ನು ತಡೆಯುವಂತಿಲ್ಲ, ತಡೆದರೆ ಅಕ್ಷರವೇ ಕಾಣಿಸದು. ಹೀಗಾಗಿ ಕಳಪೆ ಶಾಯಿಯ ಮೇಲೆ ಎಷ್ಟೇ ಉತ್ತಮ ಲೇಪನ ಬಳಿದರೂ ಅದು ಮಾಸುವಿಕೆಯನ್ನು ನಿಧಾನಿಸೀತೇ ಹೊರತು ನಿಲ್ಲಿಸದು. ಅಲ್ಲದೆ ಕಿರಣಗಳನ್ನು ಹೀರುವ ದ್ರವ್ಯಗಳೂ ಕಾಲಕ್ರಮದಲ್ಲಿ ಸವೆಯುತ್ತವೆ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಮುದ್ರಣಾಲಯಗಳಲ್ಲಿ ‘ಯು.ವಿ. ಪ್ರಿಂಟ್’ ಎಂದು ಹೇಳುವುದು ಶಾಯಿಯನ್ನು ನೇರಳಾತೀತ ದೀಪದಿಂದ ಗಟ್ಟಿಗೊಳಿಸಲಾಗಿದೆ ಎಂಬ ಅರ್ಥದಲ್ಲಿ. ಅದು ಬಿಸಿಲಿನ ನೇರಳಾತೀತ ಕಿರಣಗಳಿಂದ ರಕ್ಷಣೆ ನೀಡುತ್ತದೆಂದು ಆ ಹೆಸರಿನಿಂದ ಗ್ರಹಿಸಬಾರದು. ಎರಡನೆಯದನ್ನು ಬೇರೆಯಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಲೇಪನದ ಬಗೆಗಳು

ಮೊದಲನೆಯದು ದ್ರವ ಲೇಪನ. ನೀರಿನಲ್ಲಿ ಕಲಸಿದ ಅಕ್ರಿಲಿಕ್ ಲೇಪನಕ್ಕೆ ವಾಸನೆ ಕಡಿಮೆ. ಕುಂಚ ಅಥವಾ ರೋಲರಿನಿಂದ ಬಳಿಯಬಹುದು, ಹಳದಿಯಾಗುವುದೂ ಕಡಿಮೆ. ಒಂದೆರಡು ವರ್ಷ ಬಾಳಬೇಕಾದ ಸಾಧಾರಣ ಫಲಕಕ್ಕೆ ಇದು ಸಾಕು. ದ್ರಾವಕ ಬೆರೆತ ಅಕ್ರಿಲಿಕ್ ಲೇಪನವು ಹೆಚ್ಚು ಬಿಗಿಯಾಗಿ ಅಂಟುತ್ತದೆ. ಆದರೆ ಅದರ ದ್ರಾವಕವು ಕೆಳಗಿನ ಶಾಯಿಯನ್ನೇ ಕರಗಿಸಿ ಅಕ್ಷರದ ಅಂಚುಗಳನ್ನು ಹರಡಿಸುವ ಸಂಭವವುಂಟು. ಎರಡು ಭಾಗಗಳನ್ನು ಬೆರೆಸಿ ಬಳಸುವ ಪಾಲಿಯುರಿಥೇನ್ ಲೇಪನವು ಉಜ್ಜುವಿಕೆಯನ್ನೂ ರಾಸಾಯನಿಕಗಳನ್ನೂ ಚೆನ್ನಾಗಿ ತಾಳುತ್ತದೆ. ಇದರಲ್ಲಿ ಎರಡು ವರ್ಗಗಳಿವೆ. ಅಲಿಫ್ಯಾಟಿಕ್ ವರ್ಗದ್ದು ಬಿಸಿಲಿನಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಅರೋಮ್ಯಾಟಿಕ್ ವರ್ಗದ್ದು ಬೇಗ ಹಳದಿಯಾಗುತ್ತದೆ. ನೆಲಹಾಸಿಗೆ ಪ್ರಸಿದ್ಧವಾದ ಎಪಾಕ್ಸಿ ಲೇಪನವು ಬಿಸಿಲಿನಲ್ಲಿ ಹಳದಿಯಾಗಿ ಪುಡಿಯೇಳುವುದರಿಂದ ಹೊರಾಂಗಣ ಫಲಕಕ್ಕೆ ಸಲ್ಲದು.

ಎರಡು ಭಾಗಗಳ ಪಾಲಿಯುರಿಥೇನಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದೆ. ಅದನ್ನು ಸಿಂಪಡಿಸುವಾಗ ಏಳುವ ಮಂಜನ್ನು ಉಸಿರಾಡಿದರೆ ಆಸ್ತಮಾ ಅಂಟಿಕೊಳ್ಳಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಸ್ವಚ್ಛ ಗಾಳಿಯನ್ನು ಒದಗಿಸುವ ಮುಖಕವಚ ಮತ್ತು ಪ್ರತ್ಯೇಕ ಸಿಂಪಡಣಾ ಕೋಣೆ ಇರುವ ಕಾರ್ಯಾಗಾರದಲ್ಲಿಯೇ ಈ ಕೆಲಸ ನಡೆಯಬೇಕು. ವಸತಿ ಕಟ್ಟಡದ ತಾರಸಿಯ ಮೇಲೆ ಇದನ್ನು ಮಾಡಿಸಕೂಡದು.

ಎರಡನೆಯದು ಫಿಲಂ ಲ್ಯಾಮಿನೇಷನ್, ಅಂದರೆ ಹಿಂಬದಿಯಲ್ಲಿ ಅಂಟು ಇರುವ ಪಾರದರ್ಶಕ ಹಾಳೆಯನ್ನು ಒತ್ತಿ ಅಂಟಿಸುವುದು. ದಪ್ಪವು ಎಲ್ಲೆಡೆ ಸಮವಾಗಿರುವುದು ಇದರ ದೊಡ್ಡ ಅನುಕೂಲ. ವಿನೈಲ್ ಹಾಳೆಗಳಲ್ಲಿ ಕ್ಯಾಲೆಂಡರ್ಡ್ ಮತ್ತು ಕಾಸ್ಟ್ ಎಂದು ಎರಡು ಬಗೆ. ಕ್ಯಾಲೆಂಡರ್ಡ್ ಹಾಳೆಯನ್ನು ಉರುಳೆಗಳ ನಡುವೆ ಲಟ್ಟಿಸಿ ತಯಾರಿಸುವುದರಿಂದ ಅದು ಬಿಸಿಲಿನಲ್ಲಿ ಹಿಂದಕ್ಕೆ ಕುಗ್ಗಲು ಎಳೆಯುತ್ತಿರುತ್ತದೆ. ದ್ರವವನ್ನು ಹರಡಿ ಒಣಗಿಸಿ ಮಾಡಿದ ಕಾಸ್ಟ್ ಹಾಳೆಗೆ ಈ ದೋಷ ಬಹಳ ಕಡಿಮೆ, ಬೆಲೆ ಹೆಚ್ಚು. ಕೆಳಗಿನ ಸ್ಟಿಕರ್ ಕಾಸ್ಟ್ ಆಗಿದ್ದರೆ ಮೇಲಿನ ಹಾಳೆಯೂ ಕಾಸ್ಟ್ ಆಗಿರಬೇಕು. ಇಲ್ಲವಾದರೆ ಮೇಲಿನದು ಕುಗ್ಗಿ ಕೆಳಗಿನದನ್ನೂ ಅಂಚಿನಿಂದ ಸುರುಳಿ ಸುತ್ತಿಸುತ್ತದೆ. ಎಲೆಯಡಿಕೆಯ ಉಗುಳು, ಮಸಿಯ ಬರಹ, ಅಂಟಿಸಿದ ಚೀಟಿಗಳ ಕಾಟವಿರುವ ಕಡೆ ಪಾಲಿವಿನೈಲ್ ಫ್ಲೋರೈಡ್ ಹಾಳೆ ಉತ್ತಮ; ಕಲೆಗಳು ಅದಕ್ಕೆ ಸುಲಭವಾಗಿ ಹಿಡಿಯುವುದಿಲ್ಲ.

ಗುರುತಿನ ಚೀಟಿಗಳಿಗೆ ಬಳಸುವ ಬಿಸಿ ಲ್ಯಾಮಿನೇಷನ್ ಚೀಲವು ಮೂರನೆಯದು. ಕಾಗದದ ಸೂಚನೆಗಳನ್ನು ಹೀಗೆ ಮುಚ್ಚಿ ಹೊರಗೆ ತೂಗುಹಾಕುವುದುಂಟು. ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಮೊದಲ ಮಳೆಯ ನೀರು ಅಂಚಿನಿಂದಲೇ ಒಳಸೇರಿ ಕಾಗದದುದ್ದಕ್ಕೂ ಹರಡುತ್ತದೆ. ಸುತ್ತಲೂ ಕನಿಷ್ಠ 5 ಮಿ.ಮೀ. ಚೀಲದ ಅಂಚನ್ನು ಉಳಿಸಬೇಕು. ತೂಗುಹಾಕುವ ರಂಧ್ರವೂ ಕಾಗದವನ್ನು ತಾಗಬಾರದು. ಇಷ್ಟಾದರೂ ಇದನ್ನು ಕೆಲವು ತಿಂಗಳುಗಳ ತಾತ್ಕಾಲಿಕ ವ್ಯವಸ್ಥೆಯೆಂದೇ ಎಣಿಸಬೇಕು.

ಲೇಪನವೇ ಬೇಡದ ಫಲಕಗಳೂ ಉಂಟು. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿಯನ್ನು ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂಡಿಸಿದ ಗಾಜೆನಾಮಲ್ ಫಲಕದಲ್ಲಿ ಬಣ್ಣವು ಗಾಜಿನೊಳಗೇ ಸೇರಿಹೋಗಿರುತ್ತದೆ. ವಿದ್ಯುತ್ ಅಪಾಯವನ್ನು ಸೂಚಿಸುವ, ತಲೆಬುರುಡೆ ಮತ್ತು ಎಲುಬುಗಳ ಚಿತ್ರವಿರುವ ಫಲಕಗಳಿಗೆ ಭಾರತೀಯ ಮಾನಕ ಐ.ಎಸ್. 2551 ವಿಧಿಸಿರುವುದು ಇಂಥ ಎನಾಮಲನ್ನೇ. ಪೆಟ್ಟುಬಿದ್ದು ಚಕ್ಕೆಯೆದ್ದ ಕಡೆ ತುಕ್ಕು ಹಿಡಿಯುವುದು ಇದರ ದೌರ್ಬಲ್ಯ. ಪ್ರಾಣಾಪಾಯದ ಎಚ್ಚರಿಕೆಯನ್ನು ಹತ್ತಾರು ವರ್ಷ ಉಳಿಸಬೇಕಾದಾಗ ಲೇಪನಕ್ಕೆ ಹಣ ಸುರಿಯುವ ಮೊದಲು ಈ ದಾರಿಯನ್ನೂ ಯೋಚಿಸುವುದು ಲೇಸು.

ಆಧಾರಕ್ಕೆ ತಕ್ಕ ಲೇಪನ

ಬಿಸಿಲಿಗೆ ಪ್ರತಿಯೊಂದು ಹಲಗೆಯೂ ಹಿಗ್ಗುತ್ತದೆ. ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. 1 ಮೀಟರ್ ಉದ್ದದ ಅಲ್ಯೂಮಿನಿಯಂ ಹಾಳೆಯ ಉಷ್ಣತೆ 40 ಡಿಗ್ರಿ ಏರಿದರೆ ಅದು ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. ಸನ್‌ಬೋರ್ಡ್ ಎಂದು ಕರೆಯುವ ಪಿ.ವಿ.ಸಿ. ಹಲಗೆಯು ಅಷ್ಟೇ ಏರಿಕೆಗೆ 2 ಮಿ.ಮೀ.ಗಿಂತಲೂ ಹೆಚ್ಚು ಹಿಗ್ಗುತ್ತದೆ. ಪೆಡಸಾದ ಲೇಪನವು ಈ ಹಿಗ್ಗು ಕುಗ್ಗುಗಳನ್ನು ಅನುಸರಿಸಲಾರದೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಸೇರುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಫಲಕಕ್ಕೆ ಗಟ್ಟಿ ಲೇಪನವನ್ನೂ, ಸನ್‌ಬೋರ್ಡಿಗೆ ಬಾಗುವ ಗುಣದ ಲೇಪನವನ್ನೂ ಆರಿಸಬೇಕು.

ಮಡಿಚಿ ಸುತ್ತುವ ಫ್ಲೆಕ್ಸ್ ಬಟ್ಟೆಗೆ ಗಟ್ಟಿ ಹಾಳೆಯ ಲ್ಯಾಮಿನೇಷನ್ ಒಗ್ಗದು. ಅದಕ್ಕೆ ಮೃದುವಾದ ದ್ರವ ಲೇಪನವೇ ಬೇಕು. ಫ್ಲೆಕ್ಸನ್ನು ಮೆದುವಾಗಿಡುವ ದ್ರವ್ಯವು ಕ್ರಮೇಣ ಮೇಲಕ್ಕೆ ಜಿನುಗಿ, ಹೊಂದಿಕೆಯಾಗದ ಲೇಪನವನ್ನು ಜಿಗುಟಾಗಿಸಿ ಧೂಳು ಹಿಡಿಯುವಂತೆ ಮಾಡುತ್ತದೆ. 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಮತ್ತು ಪಿ.ವಿ.ಸಿ. ಬ್ಯಾನರುಗಳನ್ನು ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ ಎಂಬುದನ್ನೂ ನೆನಪಿಡಬೇಕು. ಕೆಲವು ರಾಜ್ಯಗಳ ಹಾಗೂ ನಗರಗಳ ನಿಯಮಗಳು ಇದಕ್ಕಿಂತ ಕಠಿಣವಾಗಿವೆ.

ರಾತ್ರಿ ವಾಹನದ ದೀಪಕ್ಕೆ ಹೊಳೆಯುವ ಪ್ರತಿಫಲಕ ಹಾಳೆಯ ಮೇಲೆ, ಆ ಹಾಳೆಯ ತಯಾರಕರು ಸೂಚಿಸಿದ ಲೇಪನದ ಹೊರತು ಬೇರೇನನ್ನೂ ಬಳಿಯಕೂಡದು. ಹೊಂದದ ಲೇಪನದಿಂದ ಪ್ರತಿಫಲನ ಕುಂದಿದರೆ ಹಗಲಿನಲ್ಲಿ ಸರಿಯಾಗಿ ಕಾಣುವ ಫಲಕವು ರಾತ್ರಿಯಲ್ಲಿ ಇಲ್ಲದಂತೆಯೇ ಸರಿ.

ಊರಿಗೆ ತಕ್ಕ ಆಯ್ಕೆ

ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಜೊತೆಗೆ ಸಮುದ್ರದ ಉಪ್ಪುಗಾಳಿ ಬೇರೆ. ಅಲ್ಲಿ ಬಿಸಿಲಿಗಿಂತ ಮೊದಲು ಫಲಕದ ಅಂಚುಗಳನ್ನೂ ಮೊಳೆಯ ರಂಧ್ರಗಳನ್ನೂ ಮುಚ್ಚುವ ಯೋಚನೆ ಮಾಡಬೇಕು. ಚೆನ್ನೈಯಲ್ಲಿ ಉಪ್ಪುಗಾಳಿಯೊಡನೆ ಪ್ರಖರ ಬಿಸಿಲು ಸೇರುತ್ತದೆ. ಮುಖ್ಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದೆಹಲಿಯಲ್ಲಿ ಬೇಸಿಗೆಯ ಉಷ್ಣತೆ 45 ಡಿಗ್ರಿ ಮುಟ್ಟುವುದುಂಟು, ಚಳಿಗಾಲದಲ್ಲಿ 5 ಡಿಗ್ರಿಗೂ ಇಳಿಯುತ್ತದೆ. ಬೇಸಿಗೆಯ ಧೂಳುಗಾಳಿಯು ಮೆದುವಾದ ಲೇಪನವನ್ನು ಗೀಚುವುದರಿಂದ ಅಲ್ಲಿ ಗಟ್ಟಿತನಕ್ಕೂ ಹಿಗ್ಗು ಕುಗ್ಗುಗಳನ್ನು ತಾಳುವ ಗುಣಕ್ಕೂ ಪ್ರಾಶಸ್ತ್ಯ. ಪುಣೆ, ಹೈದರಾಬಾದುಗಳಂಥ ಪ್ರಸ್ಥಭೂಮಿಯ ನಗರಗಳಲ್ಲಿ ಉಪ್ಪಿನ ಕಾಟವಿಲ್ಲ. ನೇರಳಾತೀತ ಕಿರಣಗಳ ತಡೆಯೇ ಮುಖ್ಯ.

ಗೋಡೆಯ ದಿಕ್ಕೂ ಗಣನೀಯ. ದೆಹಲಿಯು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವುದರಿಂದ ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ಉತ್ತರಮುಖಿ ಫಲಕ ಬಹಳ ಕಾಲ ಬಾಳುತ್ತದೆ. ಚೆನ್ನೈಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹೀಗಾಗಿ ಅಲ್ಲಿ ಉತ್ತರದ ಗೋಡೆಯನ್ನು ಪೂರ್ತಿ ನೆರಳಿನದೆಂದು ನಂಬುವಂತಿಲ್ಲ. ಎಲ್ಲ ಊರುಗಳಲ್ಲಿಯೂ ಆಕಾಶಕ್ಕೆ ಮುಖಮಾಡಿ ಓರೆಯಾಗಿ ನಿಂತ ಫಲಕವು ನೆಟ್ಟಗೆ ನಿಂತದ್ದಕ್ಕಿಂತ ಬೇಗ ಕೆಡುತ್ತದೆ. ಒಂದು ಗೇಣಿನಷ್ಟು ಮುಂದೆ ಚಾಚಿದ ಸಣ್ಣ ಮಾಡು ಕೂಡ ಒಳ್ಳೆಯ ರಕ್ಷಣೆಯೇ.

ಲೇಪಿಸುವ ಕ್ರಮ

ದ್ರಾವಕ ಬೆರೆತ ಶಾಯಿಯಲ್ಲಿ ಮುದ್ರಿಸಿದ ಸ್ಟಿಕರಿನಿಂದ ದ್ರಾವಕ ಹೊರಹೋಗಲು ಕನಿಷ್ಠ 24 ಗಂಟೆಗಳ ಕಾಲ, ಸಾಧ್ಯವಾದರೆ 48 ಗಂಟೆಗಳ ಕಾಲ, ಬಿಡಿಸಿ ಹರಡಿ ಇಡಬೇಕು. ಅವಸರದಲ್ಲಿ ಮೇಲೆ ಹಾಳೆ ಅಂಟಿಸಿದರೆ ಒಳಗೆ ಸಿಕ್ಕಿಕೊಂಡ ದ್ರಾವಕವು ಅಂಟನ್ನು ಕೆಡಿಸಿ ಗುಳ್ಳೆಗಳನ್ನೆಬ್ಬಿಸುತ್ತದೆ. ದ್ರವ ಲೇಪನವನ್ನು ಗಾಳಿಯ ಆರ್ದ್ರತೆ ಶೇಕಡಾ 85ಕ್ಕಿಂತ ಕಡಿಮೆ ಇರುವಾಗಲೇ ಬಳಿಯಬೇಕು. ಮಳೆಗಾಲದಲ್ಲಿ ಬೇಗ ಆರುವ ವಾರ್ನಿಷ್ ಬಳಿದರೆ ಗಾಳಿಯ ತೇವ ಅದರ ಮೇಲೆ ಇಬ್ಬನಿಗಟ್ಟಿ ಹಾಲಿನಂಥ ಮಸುಕು ಉಳಿಯುತ್ತದೆ. ಆದುದರಿಂದ ಮುಂಬಯಿಯಲ್ಲಿ ಮೇ ತಿಂಗಳೊಳಗೆ, ಚೆನ್ನೈಯಲ್ಲಿ ಸೆಪ್ಟೆಂಬರಿನೊಳಗೆ ಈ ಕೆಲಸವನ್ನು ಮುಗಿಸುವುದು ಸೂಕ್ತ. ಒಂದು ದಪ್ಪ ಪದರಕ್ಕಿಂತ, ಮೊದಲನೆಯದು ಒಣಗಿದ ಮೇಲೆ ಅಡ್ಡಲಾಗಿ ಎಳೆದ ಎರಡನೆಯ ಪದರವು ಹೆಚ್ಚು ಸಮನಾಗಿ ಕೂರುತ್ತದೆ. ಅಂಚುಗಳಿಗೂ ರಂಧ್ರಗಳ ಒಳಬದಿಗೂ ಲೇಪನ ಮುಟ್ಟಿರಬೇಕು.

ಹೊಳಪಿನ ಲೇಪನದಲ್ಲಿ ಬಣ್ಣಗಳು ಎದ್ದು ಕಾಣುತ್ತವೆ, ಧೂಳು ಸುಲಭವಾಗಿ ತೊಳೆದುಹೋಗುತ್ತದೆ. ಆದರೆ ಬಿಸಿಲೂ ಬೀದಿದೀಪವೂ ಪ್ರತಿಫಲಿಸಿ ಓದಲು ಅಡ್ಡಿಯಾಗಬಹುದು. ಕಾಗುಣಿತದ ಕೊಂಬು, ದೀರ್ಘ, ಒತ್ತಕ್ಷರಗಳಿರುವ ಕನ್ನಡ ಬರಹಕ್ಕೆ, ವಿಶೇಷವಾಗಿ ಸಣ್ಣ ಅಕ್ಷರಗಳಿಗೆ, ಹೊಳಪು ಕಡಿಮೆಯಿರುವ ಮ್ಯಾಟ್ ಲೇಪನವೇ ಅನುಕೂಲ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಫಲಕವನ್ನು ಮಾಡಿಸುವ ಮೊದಲು ಅದೇ ಶಾಯಿ, ಅದೇ ಆಧಾರ, ಅದೇ ಲೇಪನದ ಒಂದು ಸಣ್ಣ ಮಾದರಿಯನ್ನು ಮುದ್ರಕರಿಂದ ಪಡೆಯಿರಿ. ಅದರ ಅರ್ಧಭಾಗಕ್ಕೆ ಅಲ್ಯೂಮಿನಿಯಂ ಕಾಗದವನ್ನು ಸುತ್ತಿ ತಾರಸಿಯ ಮೇಲೆ ಬಿಸಿಲಿಗಿಡಿ. ಒಂದೆರಡು ಬೇಸಿಗೆ ತಿಂಗಳುಗಳ ನಂತರ ಕಾಗದ ಬಿಚ್ಚಿ ನೋಡಿದರೆ ಎರಡು ಭಾಗಗಳ ವ್ಯತ್ಯಾಸವೇ ಉತ್ತರ ಹೇಳುತ್ತದೆ. ಅಂಟಿನ ಬಿಗಿಯನ್ನು ತಿಳಿಯಲು ಲೇಪನದ ಮೇಲೆ ಬ್ಲೇಡಿನಿಂದ ಉದ್ದ ಅಡ್ಡ ಗೆರೆಗಳ ಸಣ್ಣ ಜಾಲವನ್ನು ಕೊರೆದು, ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ ಥಟ್ಟನೆ ಕೀಳಬೇಕು. ಚೌಕಗಳು ಪಟ್ಟಿಯೊಡನೆ ಎದ್ದು ಬಂದರೆ ಆ ಲೇಪನವು ಆ ಆಧಾರಕ್ಕೆ ಹೊಂದುವುದಿಲ್ಲ.

ಮುದ್ರಕರನ್ನು ಐದು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ: ಶಾಯಿಯ ಬೆಳಕು ತಾಳುವ ಮೆಟ್ಟಿಲು ಎಷ್ಟು? ಲೇಪನದಲ್ಲಿ ನೇರಳಾತೀತ ಕಿರಣಗಳನ್ನು ಹೀರುವ ದ್ರವ್ಯ ಇದೆಯೇ? ಒಣಗಿದ ಮೇಲೆ ಅದರ ದಪ್ಪ ಎಷ್ಟು ಮೈಕ್ರಾನ್? ಅಂಚುಗಳನ್ನು ಹೇಗೆ ಮುಚ್ಚುತ್ತೀರಿ? ಹೇಳಿದ ಬಾಳಿಕೆಯ ಅವಧಿಯು ನೆಟ್ಟಗೆ ನಿಂತ ಫಲಕಕ್ಕೋ, ಓರೆಯಾದುದಕ್ಕೋ?

ಮಾಸಿದರೂ ತಪ್ಪು ಹೇಳದ ಫಲಕ

ಲೇಪನವು ಫಲಕಕ್ಕೆ ಕೆಲವು ವರ್ಷಗಳ ಆಯುಸ್ಸನ್ನು ಕೂಡಿಸುತ್ತದೆ, ಅದನ್ನು ಚಿರಂಜೀವಿಯಾಗಿಸುವುದಿಲ್ಲ. ಆದುದರಿಂದ ಎಚ್ಚರಿಕೆಯ ಫಲಕವನ್ನು ಬರೆಸುವಾಗಲೇ, ಅದು ಮಾಸಿದಾಗ ಏನನ್ನು ಹೇಳುತ್ತದೆ ಎಂದು ಯೋಚಿಸಬೇಕು. ‘ಅಲ್ಲ’, ‘ಕೂಡದು’ ಎಂಬ ಪದಗಳು ವಾಕ್ಯದ ಉಳಿದ ಪದಗಳಂತೆಯೇ ಕಪ್ಪಿನಲ್ಲಿರಲಿ. ಕೆಂಪನ್ನು ಸುತ್ತಲಿನ ಪಟ್ಟಿಗೆ, ಚಿತ್ರದ ಅಂಚಿಗೆ ಬಳಸಿರಿ. ಆಗ ಕೆಂಪು ಪೂರ್ತಿ ಹೋದರೂ ಅರ್ಥ ಕೆಡದು. ಫಲಕ ನಿಲ್ಲಿಸಿದ ದಿನಾಂಕವನ್ನು ಅದರ ಹಿಂಬದಿಯಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮೆತ್ತನೆಯ ಬಟ್ಟೆ ಮತ್ತು ಸಾಬೂನು ನೀರಿನಿಂದ ಅದನ್ನು ಒರೆಸಿ, ಹತ್ತು ಹೆಜ್ಜೆ ಹಿಂದೆ ಸರಿದು ಓದಿ ನೋಡಿ. ತೋಟದ ನಲ್ಲಿಯ ಬಳಿಯ ಫಲಕವನ್ನು ಹೊಸದಾಗಿ ಓದುವವನು ಬಾಯಾರಿ ಬಂದ ಒಂದು ಮಗುವಾಗಿರಬಹುದು. ಆ ಮಗುವಿಗೆ ನಾಲ್ಕೂ ಪದಗಳು ಕಾಣಬೇಕು.